ಮೆತ್ತಗಾದ ಚಿಪ್ಪು

ಮದುವೆಯಾದ ಎರಡನೇ ವರ್ಷ, ಸರಕು ಹಡಗಿನ ಕೆಲಸಕ್ಕೆ ಹೊರಡುವ ಮುನ್ನ ನನ್ನ ಗಂಡ ಗೋವಾದಿಂದ ಒಂದು ಆಮೆಮರಿ ತಂದುಕೊಟ್ಟರು. ಅಂಗೈಯಷ್ಟೂ ಇರದ ಹಸಿರು ಮರಿ, ಕಿವಿಯ ಹತ್ತಿರ ಕೆಂಪು ಪಟ್ಟಿ. "ನಾ ಬರೂವರೆಗೆ ಇದನ್ನ ನೋಡ್ಕಂಡಿರು," ಎಂದರು. ಒಂಬತ್ತು ತಿಂಗಳು! ಹೆಂಡತಿಯ ಕೈಗೆ ಆಮೆ ಕೊಟ್ಟು ಹೊರಡುವ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಸಿಟ್ಟು ಬಂದಿತ್ತು. ಆದರೂ ಅವರು ಬಾಗಿಲಿಗೆ ಬಂದು ನಿಂತಾಗ ಅದು ಟಬ್ಬಿನಲ್ಲಿ ಈಜುತ್ತಿರಲೇಬೇಕು ಎಂದು ಹಟ ಹಿಡಿದೆ.

ನಮ್ಮದು ಹಬ್ಬುವಾಡದಲ್ಲಿ ಬಾಡಿಗೆ ಮನೆ. ಕಡಲ ದಂಡೆಯ ನನ್ನ ತವರೂರು ಕೇಣಿಯಿಂದ ಅಮ್ಮ ವಾರಕ್ಕೊಮ್ಮೆ ಮೀನು ಹಿಡಿದುಕೊಂಡು ಬಸ್ಸಿನಲ್ಲಿ ಬರುತ್ತಿದ್ದಳು. ನಮ್ಮ ಕಡೆ ಪ್ರೀತಿ ಎಂದರೆ ಮುಳ್ಳು ಬಿಡಿಸಿ ಕೊಡುವುದು. ಮಗುವಿಗೂ ಅಷ್ಟೇ, ಹೊಸ ಅಳಿಯನಿಗೂ ಅಷ್ಟೇ. ಆಮೆಗೂ ಹಾಗೇ ಮಾಡಿದೆ. ಸಿಗಡಿಯ ತಲೆ ಮುರಿದು, ಸಿಪ್ಪೆ ಸುಲಿದು ತೆಂಗಿನ ಬುಡಕ್ಕೆ ಎಸೆದು, ಬಿಳಿ ತಿರುಳನ್ನಷ್ಟೇ ಹಾಕುತ್ತಿದ್ದೆ. ಕಾಗೆ, ಗರುಡಗಳ ಹೆದರಿಕೆಗೆ ಟಬ್ಬನ್ನು ಒಳಗೇ, ಕಿಟಕಿಯ ಗಾಜಿನ ಪಕ್ಕ ಇಟ್ಟಿದ್ದೆ.

ಮಳೆಗಾಲ ಹಿಡಿಯಿತು. ದೋಣಿಗಳು ದಡ ಸೇರಿದವು. ಕೇಣಿಯ ಗಂಡಸರೆಲ್ಲ ಮನೆಯಲ್ಲಿ ಬಲೆ ಸರಿಮಾಡುತ್ತ, ಹೆಂಡಿರ ಹತ್ತಿರ ಬೈಸಿಕೊಳ್ಳುತ್ತ ಕೂತರು. ನನಗೆ ಬೈಯುವ ಭಾಗ್ಯವೂ ಇರಲಿಲ್ಲ. ಯಾವುದೋ ಬಂದರಿನಿಂದ ಅಪರೂಪಕ್ಕೆ ಫೋನು. ಮೊದಲ ಪ್ರಶ್ನೆ, "ಆಮೆ ಹ್ಯಾಂಗದೆ?" ಆಮೇಲೆ, "ನೀನು?" ಎರಡಕ್ಕೂ "ಆರಾಮ" ಎನ್ನುತ್ತಿದ್ದೆ.

ಆಮೆ ಆರಾಮ ಇರಲಿಲ್ಲ. ಟಬ್ಬಿನ ನಡುವೆ ಇಟ್ಟಿದ್ದ ಕಲ್ಲು ಹತ್ತುವುದನ್ನು ಬಿಟ್ಟಿತ್ತು, ಹಿಂಗಾಲು ಎಳೆಯುತ್ತಿತ್ತು. ಚಿಪ್ಪಿನ ಅಂಚು ಮೇಲಕ್ಕೆ ಸುರುಟಿಕೊಂಡಿತ್ತು, ಬೆರಳಿಟ್ಟರೆ ತಗ್ಗುತ್ತಿತ್ತು. ಅಮ್ಮ ಹೆಬ್ಬೆರಳಿನಿಂದ ಒತ್ತಿ ನೋಡಿ ನಕ್ಕಳು. "ಹೆದರೂದು ಎಂತಕ್ಕೆ? ಏಡಿ ಓಡು ಬಿಟ್ಟಾಗ ಹಿಂಗೇ ಮೆತ್ತಗೆ ಆಗೂದಿಲ್ವಾ? ಬೆಳೀತಾ ಅದೆ ಅದು. ನಾಕು ದಿನಕ್ಕೆ ಗಟ್ಟಿ ಆಗ್ತದೆ." ಹುಟ್ಟಿದಾಗಿಂದ ಏಡಿ ಕಂಡವರು ನಾವು. ನಂಬಿದೆ. ಓಡು ಬಿಟ್ಟ ಏಡಿಯನ್ನು ಕೆಣಕಬಾರದೆಂದು ಮೂರು ವಾರ ಅದನ್ನು ಅದರ ಪಾಡಿಗೆ ಬಿಟ್ಟೆ.

ತಿನ್ನುವುದನ್ನೂ ಬಿಟ್ಟ ದಿನ ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು, ರಿಕ್ಷಾ ಹತ್ತಿ ದನದ ಡಾಕ್ಟರ ಹತ್ತಿರ ಓಡಿದೆ. ಎಮ್ಮೆಕರು ಹಿಡಿದು ನಿಂತಿದ್ದ ಹೆಂಗಸೊಬ್ಬಳು ಡಬ್ಬಿಯೊಳಗೆ ಇಣುಕಿ, "ಇದನ್ನ ಸಾರು ಮಾಡೂದಲ್ವಾ?" ಎಂದಳು. ಅಳು ಒತ್ತರಿಸಿ ಬರುತ್ತಿದ್ದರೂ ಅವಳನ್ನು ದುರುಗುಟ್ಟಿ ನೋಡಿದೆ.

ಡಾಕ್ಟರು ಏಡಿಯ ಕಥೆ ಕೇಳಿ ನಗಲಿಲ್ಲ. "ಏಡಿ ಓಡು ಬಿಡ್ತದೆ. ಆಮೆಯ ಚಿಪ್ಪು ಬಿಡುವಂಥದ್ದಲ್ಲ, ಅದರ ಮೂಳೆಯೇ ಅದು. ಸುಣ್ಣದಂಶ ಇಲ್ಲ, ಬಿಸಿಲಿಲ್ಲ, ಮೂಳೆ ಮೆತ್ತಗಾಗಿದೆ," ಎಂದರು. ಏನು ಹಾಕುತ್ತೀರಿ ಎಂದು ಕೇಳಿದರು. ಹೇಳಿದೆ. "ಅದಕ್ಕೆ ಬೇಕಾದದ್ದನ್ನೆಲ್ಲ ಸುಲಿದು ತೆಂಗಿನ ಬುಡಕ್ಕೆ ಹಾಕಿದ್ದೀರಿ." ಹನಿ ಹಾಕುವ ಔಷಧಿ ಕೊಟ್ಟರು. ಸಣ್ಣ ಮೀನನ್ನು ಮುಳ್ಳು ಸಮೇತ ಇಡಿಯಾಗಿ ಹಾಕಬೇಕು, ಸೊಪ್ಪು ಹಾಕಬೇಕು, ಗಾಜಿನ ಹಿಂದಿನ ಬಿಸಿಲು ಲೆಕ್ಕಕ್ಕಿಲ್ಲ, ಮಳೆ ಬಿಟ್ಟಾಗಲೆಲ್ಲ ಹೊರಗಿಡಬೇಕು. "ಅಂಚು ಸುರುಟಲು ಶುರುವಾದಾಗಲೇ ಬರಬೇಕಿತ್ತು. ಬದುಕಬಹುದು. ಸೊಟ್ಟಗಾದದ್ದು ಮಾತ್ರ ನೆಟ್ಟಗಾಗುವುದಿಲ್ಲ."

ಅಮ್ಮನಿಗೆ ಫೋನಿನಲ್ಲಿ ವಿಷಯ ಹೇಳಿದೆ. ಮರುದಿನ, ಅವಳು ಬರುವ ದಿನವಲ್ಲದಿದ್ದರೂ ಬಂದಳು, ಬುಟ್ಟಿಯಲ್ಲಿ ಮೀನಿರಲಿಲ್ಲ. ಕೇಣಿಯ ದಡಕ್ಕೆ ತೇಲಿಬರುವ, ಕಡಲ ನೊರೆ ಎಂದು ಕರೆಯುವ ಮೀನಿನ ಓಡು, ನಾವು ಚಿಕ್ಕವರಿದ್ದಾಗ ಸ್ಲೇಟು ಉಜ್ಜುತ್ತಿದ್ದ ಆ ಬಿಳಿ ಹಗುರ ವಸ್ತು, ಬುಟ್ಟಿ ತುಂಬ ಇತ್ತು. "ಸುಣ್ಣ ಅಂದ್ರೆ ಇದೇ ಅಲ್ವಾ," ಎಂದಳು. ಒಂದು ತುಂಡನ್ನು ಟಬ್ಬಿನಲ್ಲಿ ತೇಲಿಬಿಟ್ಟೆವು.

ಮೋಡ ಸ್ವಲ್ಪ ಸರಿದರೆ ಸಾಕು, ಟಬ್ಬು ಹೊತ್ತು ಅಂಗಳಕ್ಕೆ ಓಡುತ್ತಿದ್ದೆ. ಅರ್ಧ ಟಬ್ಬಿಗೆ ಕೊಡೆಯ ನೆರಳು, ಕೈಯಲ್ಲಿ ಕಾಗೆ ಓಡಿಸುವ ಕೋಲು. ಅಕ್ಕಪಕ್ಕದವರಿಗೆ ಒಳ್ಳೆಯ ಮೋಜು. ಆ ಎಳೆಬಿಸಿಲಿನಲ್ಲಿ ಕೂತಾಗಲೇ ನನ್ನ ಗಂಡ ತೀರಾ ನೆನಪಾಗುತ್ತಿದ್ದರು. ಅವರ ಕೆಮ್ಮು, ಚಪ್ಪಲಿಯ ಸದ್ದು, ಊಟ ಮಾಡುವಾಗ ಸುಮ್ಮಸುಮ್ಮನೆ ನನ್ನ ತಟ್ಟೆಗೆ ಕೈ ಹಾಕುವುದು. ಎಲ್ಲವೂ ಬೇಕಿತ್ತು, ಅದೇ ಕ್ಷಣ ಬೇಕಿತ್ತು. ಆಮೆ ಮಾತ್ರ ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಮೆಲ್ಲಗೆ ಕಲ್ಲು ಹತ್ತಿ ಕೂತಿತು.

ದೀಪಾವಳಿ ಕಳೆದು ಅವರು ಬಂದರು. ಚೀಲ ಇಳಿಸಿದವರೇ ಆಮೆಯನ್ನು ಎತ್ತಿಕೊಂಡು, ಬೆನ್ನಿನ ತಗ್ಗಿನ ಮೇಲೆ ಹೆಬ್ಬೆರಳು ಆಡಿಸಿದರು. ಈಗ ಅದು ಕಲ್ಲಿನಷ್ಟು ಗಟ್ಟಿ, ಆದರೆ ಸೊಟ್ಟ. ಮೀನು ತೊಳೆಯುತ್ತಲೇ ಎಲ್ಲ ಹೇಳಿದೆ.

"ಫೋನಲ್ಲಿ ಪ್ರತೀ ಸಲ ಆರಾಮ ಅದೆ ಅಂದಿದ್ಯಲ್ಲೆ?"

"ಹೌದು."

ಅವರು ಆಮೆಯನ್ನು ನೀರಿಗೆ ಬಿಟ್ಟರು. ನನ್ನತ್ತ ತಿರುಗಿ, "ನಿನ್ನ ಕೇಳ್ದಾಗೂ ಹಂಗೇ ಅಂತಿದ್ದೆ," ಎಂದರು.

ಮೀನು ನಾರುವ ಕೈಯಲ್ಲೇ ಮುಖ ಮುಚ್ಚಿಕೊಂಡು, ಒಂಬತ್ತು ತಿಂಗಳದ್ದನ್ನೂ ಒಟ್ಟಿಗೆ ಅತ್ತೆ.