ಅಮಸಿದ್ದ ಪೂಜಾರಿಯ ಗುಳಿಗೆ

ಕನ್ನೊಳ್ಳಿಯ ಗುಡಿಕಟ್ಟೆಯ ಮೇಲೆ ಅಮಸಿದ್ದ ಪೂಜಾರಿ ಕೂತನೆಂದರೆ ಇಂಡಿ, ಸಿಂದಗಿ ಕಡೆಯ ನಿದ್ದೆಗೆಟ್ಟವರು, ತಲೆಕೆಟ್ಟವರೆಲ್ಲ ಸಾಲುಗಟ್ಟುತ್ತಾರೆ. "ಡಾಕ್ಟರ್ ಕೊಟ್ಟ ಗುಳಿಗಿ ಬಿಟ್ಟೀಯೇನು?" ಎನ್ನುವುದೇ ಅವನ ಮೊದಲ ಮಂತ್ರ. ಬಿಟ್ಟವರಿಗೆ ಭಂಡಾರವಿಲ್ಲ, ಬರೀ ಬೈಗುಳ. ಬಿಡದವರಿಗೆ ಹಣೆಯಿಂದ ಅಂಗಿಯ ಕಾಲರಿನವರೆಗೂ ಭಂಡಾರದ ಅರಿಶಿನ. "ನಿನ್ನ ಕೈಲೆ ನೀ ತಗೋಬ್ಯಾಡ, ಮನ್ಯಾಗಿನವರ ಕೈಲೆ ಇಸ್ಗೊಂಡು ನುಂಗು. ಒಬ್ಬಾಂವ ಕುಂತು ನುಂಗಿದ್ರ ನಾಟೂದಿಲ್ಲ," ಎಂದು ಎಲ್ಲರಿಗೂ ಒಂದೇ ಪಾಠ. ಹೂಂ ಎಂದರೆ ಸಾಲದು, ಕೊಡುವವರ ಹೆಸರನ್ನು ಮೂರು ಸಲ ಹೇಳಿಸುತ್ತಾನೆ. ಸಂಜೆಯ ಬಸ್ಸಿಗೆ ಎಲ್ಲರೂ ಹೋದ ಮೇಲೆ, ಮನೆಯಲ್ಲಿ ಯಾರೂ ಇಲ್ಲದ ಅಮಸಿದ್ದ ಜೇಬಿನಿಂದ ತನ್ನ ಗುಳಿಗೆ ತೆಗೆಯುತ್ತಾನೆ. ಅದೂ ಡಾಕ್ಟರು ಕೊಟ್ಟದ್ದೇ. ದೇವರ ಪಾದದ ಮೇಲಿಟ್ಟು, "ಕೊಡಪಾ," ಎಂದು ಕೈಯೊಡ್ಡಿ ಕೂಡುತ್ತಾನೆ. ತುಸು ಹೊತ್ತು ಕಾದು, ತಾನೇ ಎತ್ತಿಕೊಳ್ಳುತ್ತಾನೆ.