ಬಾಗಿಲು ಮುಚ್ಚಿದ ದಸರೆ

ಬಾಗಲಕೋಟೆಯಲ್ಲಿ ನಮ್ಮ ಮನೆ ಊರೊಳಗಿರಲಿಲ್ಲ. ಊರು ಮುಗಿದು ಜಾಲಿಕಂಟಿ ಶುರುವಾಗುವ ಕಡೆ, ಸ್ಟೇಶನ್ನಿನ ಮಗ್ಗುಲಲ್ಲಿ, ಸಾಲಾಗಿ ನಾಲ್ಕು ಹೆಂಚಿನ ಮನೆಗಳಿದ್ದವು. ಒಂದರಲ್ಲಿ ನಾವು, ಪಕ್ಕದಲ್ಲಿ ಕನ್ನಡ ಸಾಲಿಯ ಮಾಸ್ತರರು. ಬಾಬಾ, ಅಂದರೆ ನನ್ನ ತಂದೆ, ರೈಲ್ವೆಯಲ್ಲಿ ಗೂಡ್ಸ್ ಗುಮಾಸ್ತ. ಅದಕ್ಕೂ ಮೊದಲು ಬಾದಾಮಿ ಸ್ಟೇಶನ್ನಿನಲ್ಲಿದ್ದರು, ನನ್ನ ತಮ್ಮ ಹುಟ್ಟಿದ್ದು ಅಲ್ಲಿ. ಆಗಿನ್ನೂ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಹಾಗಾಗಿ ಕೊಂಕಣದ ಯಹೂದಿ ಗುಮಾಸ್ತನೊಬ್ಬನನ್ನು ಎತ್ತಿ ಇಲ್ಲಿ ಒಗೆಯುವುದು ಯಾರಿಗೂ ದೊಡ್ಡ ವಿಷಯವಾಗಿರಲಿಲ್ಲ.

ಯಹೂದಿ ಅಂದರೆ ಊರಿಗೆ ತಿಳಿಯುತ್ತಿರಲಿಲ್ಲ. ಮುಸಲ್ಮಾನರೇ? ಅಲ್ಲ. ಕಿರಿಸ್ತಾನರೇ? ಅಲ್ಲ. "ಹಂಗಾರ ಮತ್ತ ಯಾವ ಮಂದಿರಿ ನೀವು?" ಎಂದು ನೀರಿಗೆ ಬಂದ ಹೆಂಗಸರು ಕೇಳಿದರೆ ನನ್ನ ತಾಯಿ, ಆಯಿ, ಕೊಡ ಎತ್ತಿಕೊಳ್ಳುತ್ತ "ಮನುಷಾರು" ಎಂದು ಬರುತ್ತಿದ್ದಳು. ಸಿಟ್ಟು ಅವಳಿಗೆ ಮೂಗಿನ ತುದಿಯಲ್ಲೇ. ನನಗೂ ಅದೇ ಬಂದಿದೆ, ಏನು ಮಾಡಲಿ. ಮನೆಯಲ್ಲಿ ನಾವು ಮಾತಾಡುತ್ತಿದ್ದುದು ಮರಾಠಿ. ಈಗ ನೆನಪು ಮಾಡಿಕೊಂಡರೆ ಅವಳ ಮಾತೂ ನನಗೆ ಕನ್ನಡದಲ್ಲೇ ಕೇಳಿಸುತ್ತದೆ, ಹಾಗಾಗಿ ಹಾಗೇ ಬರೆಯುತ್ತೇನೆ.

ನಮ್ಮ ಬಾಗಿಲ ಚೌಕಟ್ಟಿಗೆ ಒಂದು ಸಣ್ಣ ತಗಡಿನ ಕೊಳವೆ ಹೊಡೆದಿತ್ತು. ಒಳಗೆ ದೇವರ ಮಾತು ಬರೆದ ಸುರುಳಿ. ಒಳಗೆ ಹೊರಗೆ ಹೋಗುವಾಗ ಅದನ್ನು ಮುಟ್ಟಿ ಬೆರಳಿಗೆ ಮುತ್ತು ಕೊಡಬೇಕು. ತಮ್ಮನಿಗೆ ಎಟುಕುತ್ತಿರಲಿಲ್ಲ, ಜಿಗಿದು ಮುಟ್ಟುತ್ತಿದ್ದ. ಶುಕ್ರವಾರ ಸಂಜೆ ಆಯಿ ದೀಪ ಹಚ್ಚಿ, ಕರಿ ಒಣದ್ರಾಕ್ಷಿ ನೆನೆಹಾಕಿದ ನೀರನ್ನು ಬಟ್ಟಲಿಗೆ ಸೋಸಿ ಇಡುತ್ತಿದ್ದಳು. ಶನಿವಾರ ನಮಗೆ ದೇವರ ದಿನ, ಒಲೆ ಹಚ್ಚುತ್ತಿರಲಿಲ್ಲ. ಸಾಲಿಗೂ ಕಳಿಸುತ್ತಿರಲಿಲ್ಲ. ಹೆಡ್ ಮಾಸ್ತರರು ಹುಬ್ಬು ಗಂಟಿಕ್ಕಿದರೂ ಪಕ್ಕದ ಮನೆಯ ಮಾಸ್ತರರು ಹೇಗೋ ಹೇಳಿ ಸಂಭಾಳಿಸಿದ್ದರು.

ಆಯಿಗೆ ಇದ್ದದ್ದು ಒಂದೇ ಚಿಂತೆ, ಮಗಳಾದ ನನ್ನದಲ್ಲ: ಮಗ ಯಾರಾಗಿ ಬೆಳೆಯುತ್ತಾನೆ? ತಮ್ಮನಿಗೆ ಆರು ತುಂಬಿ ಏಳು ನಡೆಯುತ್ತಿತ್ತು. ಒಂದು ದಿನ ಊಟಕ್ಕೆ ಕೂತಾಗ ಕಣ್ಣು ಮುಚ್ಚಿ, ಕೈ ಮುಗಿದು, ಸಾಲಿಯಲ್ಲಿ ಕಲಿತ ಗಣಪತಿ ಶ್ಲೋಕವನ್ನು ತಪ್ಪಿಲ್ಲದೆ ಹೇಳಿದ. ನಮ್ಮ ಪ್ರಾರ್ಥನೆಯಲ್ಲಿ ಅವನಿಗೆ ಎರಡು ಸಾಲಿನ ಮುಂದೆ ಬರುತ್ತಿರಲಿಲ್ಲ. ಆಯಿ ಬಡಿಸುವ ಸೌಟು ಹಿಡಿದು ಹಾಗೇ ನಿಂತಳು. "ಇನ್ನೆರಡು ವರ್ಷ ಇಲ್ಲೇ ಇದ್ರ ತಾ ಯಾರು ಅಂತ ಅವಗ ಗೊತ್ತಿರಂಗಿಲ್ಲ. ಮುಂಬಯಿಗೆ ನಮ್ಮ ಮಂದಿ ಸಾಲಿಗೆ ಕಳಸ್ರಿ," ಎಂದಳು. ಬಾಬಾ ರೊಟ್ಟಿ ಮುರಿಯುತ್ತ "ಇನ್ನಾ ಸಣ್ಣಂವ ಅದಾನ, ನೋಡೋಣು" ಅಂದರು. ಬಾಬಾನ ನೋಡೋಣುಗಳಿಗೆ ಕೊನೆ ಇರುತ್ತಿರಲಿಲ್ಲ.

ಮುಂಬಯಿ ದೂರವಾದರೆ ಹತ್ತಿರದಲ್ಲೇ ನಮ್ಮವರನ್ನು ಹುಡುಕುತ್ತೇನೆ ಎಂದು ಆಯಿ ಹಟ ಹಿಡಿದಳು. ಕೊಂಕಣದಲ್ಲಿ ನಮ್ಮ ಹಿರಿಯರು ಎಣ್ಣೆ ತೆಗೆಯುತ್ತಿದ್ದವರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಅಲ್ಲಿಯ ಜನ ನಮ್ಮನ್ನು ಶನಿವಾರದ ಗಾಣಿಗರೆಂದೇ ಕರೆಯುತ್ತಿದ್ದರು. ಸ್ಟೇಶನ್ನಿನ ಹಮಾಲನೊಬ್ಬ ಇಳಕಲ್ಲಿನಲ್ಲಿ ಅಂಥ ಗಾಣಿಗನೊಬ್ಬನಿದ್ದಾನೆ, ಉಳಿದವರು ಸೋಮವಾರ ಎತ್ತು ಬಿಟ್ಟರೆ ಇವನು ಶನಿವಾರ ಬಿಡುತ್ತಾನೆ, ಮನೆಯಲ್ಲಿ ಒಲೆಯನ್ನೂ ಹಚ್ಚುವುದಿಲ್ಲ ಎಂದ. ಆಯಿಗೆ ಅಷ್ಟೇ ಸಾಕಾಯಿತು. ಒಂದು ರವಿವಾರ ನಮ್ಮಿಬ್ಬರನ್ನೂ ಕರಕೊಂಡು ಮೋಟಾರು ಹತ್ತಿದಳು. ಹುನಗುಂದದಲ್ಲಿ ಇಳಿದು ಬೇರೆ ಮೋಟಾರು ಹಿಡಿಯಬೇಕಿತ್ತು. ದಾರಿಯುದ್ದಕ್ಕೂ ತಮ್ಮನಿಗೆ ಪ್ರಾರ್ಥನೆ ಹೇಳಿಕೊಟ್ಟಳು, ಆ ಮನೆಯವರ ಮುಂದೆ ತಪ್ಪಬಾರದೆಂದು.

ಗಾಣಿಗ ಒಳ್ಳೆಯ ಮುದುಕ. ಎತ್ತು ನಿಲ್ಲಿಸಿ ಬಂದು ಕೂತ. ಶನಿವಾರ ಯಾಕೆ ಬಿಡುತ್ತೀರಿ ಎಂದು ಆಯಿ ಕೇಳಿದಳು.

"ಹನಮಪ್ಪಗ ಬೇಡ್ಕೊಂಡೇನಿ ತಂಗೆವ್ವ. ಮಗಾ ಬದಕಿದ್ರ ಶನಿವಾರ ಗಾಣಾ ಕಟ್ಟಂಗಿಲ್ಲ, ಒಲಿ ಹಚ್ಚಂಗಿಲ್ಲ ಅಂದಿದ್ನಿ. ಏಳ ವರ್ಷಾತು. ನೀವ್ಯಾವ ದೇವ್ರಿಗಿ ನಡಕೊಂಡೀರಿ?"

ಆಯಿ ಸೆರಗು ಸರಿ ಮಾಡಿಕೊಂಡು ಎದ್ದಳು. ಅವನು ತಮ್ಮನ ಚಡ್ಡಿಯ ಕಿಸೆ ತುಂಬ ಶೇಂಗಾ ತುಂಬಿ ಕಳಿಸಿದ. ಹುನಗುಂದದ ಮೋಟಾರು ಸ್ಟ್ಯಾಂಡಿನಲ್ಲಿ ಕೂತಾಗ ಆಯಿಗೆ ನಗು ಬಂತು, ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅಳುತ್ತಿದ್ದಳು. ತಮ್ಮ ಶೇಂಗಾ ಸುಲಿದು ಒಂದೊಂದೇ ಕಾಳು ಅವಳ ಕೈಯಲ್ಲಿಟ್ಟ.

ಅಂದೇ ರಾತ್ರಿಯೂಟಕ್ಕೆ ಮೊದಲು ಬಾಬಾ ಒಪ್ಪಿಕೊಂಡರು. ದೀಪಾವಳಿ ರಜೆ ಮುಗಿದ ಮೇಲೆ ಮುಂಬಯಿಯ ಸೋದರಮಾವನ ಮನೆಗೆ ತಮ್ಮನನ್ನು ಬಿಟ್ಟು ಬರುವುದು, ಜೂನ್‌ನಲ್ಲಿ ಸಾಲಿಗೆ ಹಾಕುವುದು ಎಂದಾಯಿತು. ಅದಕ್ಕೂ ಮೊದಲು ನಮ್ಮ ದೊಡ್ಡ ಹಬ್ಬವೊಂದಿತ್ತು. ನಮ್ಮವರು ಅದನ್ನು ಬಾಗಿಲು ಮುಚ್ಚುವ ಹಬ್ಬ ಅನ್ನುತ್ತಾರೆ. ಆ ದಿನ ಬಿಳಿ ಬಟ್ಟೆ ಉಟ್ಟು, ನೀರೂ ಮುಟ್ಟದೆ ಉಪವಾಸವಿದ್ದು, ವರ್ಷದ ತಪ್ಪಿಗೆಲ್ಲ ಕ್ಷಮೆ ಕೇಳಬೇಕು. ಸೂರ್ಯ ಮುಳುಗುವ ತನಕ ಮನೆಯ ಬಾಗಿಲು ತೆರೆಯುವ ಹಾಗಿಲ್ಲ, ಹೊರಗಿನವರ ಜೊತೆ ಮಾತಾಡುವ ಹಾಗಿಲ್ಲ. ಬರುವ ವರ್ಷ ಯಾರು ಬದುಕಬೇಕು, ಯಾರು ಬೇಡ ಅಂತ ದೇವರು ಅಂದೇ ಬರೆಯುತ್ತಾನಂತೆ.

ಆ ದಿನ ಯಾವತ್ತು ಬರುತ್ತದೆ ಎಂದು ತಿಳಿಯಲು ಸೋದರಮಾವ ಮುಂಬಯಿಯಿಂದ ಕ್ಯಾಲೆಂಡರ್ ಕಳಿಸಬೇಕಿತ್ತು. ಬಾಗಲಕೋಟೆಗೆ ಬಂದ ಮೊದಲ ವರ್ಷ ನೋಡಿದರೆ ಅದು ದಸರೆಯ ದಿನವೇ ಬಂದಿತ್ತು. ಎರಡನೆಯ ವರ್ಷ ಒಂದು ದಿನ ಹೆಚ್ಚುಕಮ್ಮಿ. ಬಾಬಾಗೆ ಖುಷಿಯೋ ಖುಷಿ. ಅವರದೂ ಅಮಾವಾಸ್ಯೆಯಿಂದ ಶುರುವಾಗುವ ತಿಂಗಳು, ನಮ್ಮದೂ ಅಷ್ಟೇ. ದಸರೆಯೂ ಹತ್ತನೆಯ ದಿನ, ನಮ್ಮ ಹಬ್ಬವೂ ಹತ್ತನೆಯ ದಿನ. ಇನ್ನು ಮುಂಬಯಿಗೆ ಬರೆದು ಕಾಯುವುದು ಯಾತಕ್ಕೆ, ಮಾಸ್ತರರ ಪಂಚಾಂಗ ಇದೆಯಲ್ಲ ಎಂದರು. ಮೂರನೆಯ ವರ್ಷ ಕ್ಯಾಲೆಂಡರ್ ಬೇಡ ಎಂದು ತಾವಾಗಿ ಬರೆದರು.

ಆ ವರ್ಷ ಬೇಸಿಗೆಯಲ್ಲಿ ಅಧಿಕ ಮಾಸ ಬಂದಿತ್ತು. "ನಿಮ್ಮೊಳಗೂ ಅಧಿಕ ಮಾಸ ಹಿಡಿತಾರೇನ್ರಿ?" ಎಂದು ಮಾಸ್ತರರು ಕಟ್ಟೆಯ ಮೇಲೆ ಕೂತು ಕೇಳಿದ್ದು ನನಗೆ ನೆನಪಿದೆ. ಬಾಬಾ "ಇರಬೇಕ್ರಿ" ಎಂದು ಹೇಳಿ ಎಲೆಗೆ ಸುಣ್ಣ ಹಚ್ಚಿದರು.

ದಸರೆಯ ಎರಡು ದಿನ ಮೊದಲೇ ತಮ್ಮನಿಗೆ ಗಂಟಲು ನೋವು, ಸಣ್ಣ ಜ್ವರ. ಆಯಿ ಅರಿಶಿನದ ಹಾಲು ಕೊಟ್ಟಳು. ಮಾಸ್ತರರ ಹೆಂಡತಿ, ನಾವು ಕಾಕು ಎಂದು ಕರೆಯುತ್ತಿದ್ದವರು, ಬಂದು ಹಣೆ ಮುಟ್ಟಿ ನೋಡಿ "ದವಾಖಾನಿಗೆ ತೋರಸ್ರಿ ವೈನಿ" ಅಂದರು. ಹಬ್ಬ ಮುಗಿಸಿ ಮರುದಿನ ಮುಂಜಾನೆ ಹೋಗುತ್ತೇವೆ ಅಂದಳು ಆಯಿ. ಹಬ್ಬದ ಹಿಂದಿನ ಸಂಜೆ ನಾವು ಬಾಗಿಲಿಗೆ ಅಗಳಿ ಹಾಕಿಕೊಂಡೆವು.

ಮುಂಜಾನೆ ತಮ್ಮನ ಉಸಿರು ಬೇರೆಯಾಗಿತ್ತು. ಎಳೆದುಕೊಳ್ಳುವಾಗೆಲ್ಲ ಗರಗಸದ ಹಾಗೆ ಸಪ್ಪಳ. ನೀರು ಕುಡಿಸಲು ಹೋದರೆ ನುಂಗಲು ಬರುತ್ತಿರಲಿಲ್ಲ. ಬಾಬಾ ಪ್ರಾರ್ಥನೆಯ ಪುಸ್ತಕ ಹಿಡಿದು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಆಗಾಗ ಹಿಂದೆ ತಿರುಗಿ ನೋಡುತ್ತಿದ್ದರು. ಒಮ್ಮೆ ಬಾಗಿಲ ತನಕ ಹೋಗಿ ಅಗಳಿಯ ಮೇಲೆ ಕೈಯಿಟ್ಟರು.

"ಇವತ್ತು ಬ್ಯಾಡ. ಇವತ್ತಽ ದೇವ್ರು ಬರಿಯೂ ದಿನಾ. ಇವತ್ತು ತಪ್ಪಿದ್ರ ಹುಡುಗನ ಮ್ಯಾಲೆ ಬರ್ತದ," ಅಂದಳು ಆಯಿ. ಬಾಬಾ ಕೈ ತೆಗೆದರು. ಇದು ನಮ್ಮ ಧರ್ಮದಲ್ಲಿ ಹೀಗೋ ಹಾಗೋ ಎಂದು ಕೇಳಲು ನೂರು ಮೈಲಿಯೊಳಗೆ ಒಬ್ಬ ಹಿರಿಯನಿರಲಿಲ್ಲ. ಆಯಿ ಹದಿನೈದಕ್ಕೆ ಮದುವೆಯಾದವಳು, ಅಕ್ಷರ ಬಾರದವಳು. ಬಾಬಾ ತಂದೆತಾಯಿ ಇಲ್ಲದೆ ಸ್ಟೇಶನ್ನುಗಳಲ್ಲಿ ಬೆಳೆದವರು. ಗೊತ್ತಿದ್ದುದಿಷ್ಟೇ: ಬಾಗಿಲು ತೆರೆಯಬಾರದು.

ಹತ್ತರ ಹೊತ್ತಿಗೆ ಹೊರಗೆ ಮಕ್ಕಳ ಗಲಾಟೆ. ಊರೆಲ್ಲ ಬನ್ನಿ ಕೊಟ್ಟು "ಬಂಗಾರದ್ಹಂಗ ಇರೋಣು" ಎಂದು ಕೈ ಮುಗಿಯುತ್ತಿದ್ದ ದಿನ. ಕಾಕು ಬಾಗಿಲು ತಟ್ಟಿದರು. ಮೊದಲ ವರ್ಷ ಬನ್ನಿಯನ್ನು ಹೊಸ್ತಿಲಲ್ಲಿಟ್ಟು ಸುಮ್ಮನೆ ಹೋಗಿದ್ದರು, ನಮ್ಮ ಪದ್ಧತಿ ಅವರಿಗೆ ಗೊತ್ತಿತ್ತು. ಈ ಸಲ ಹೋಗಲಿಲ್ಲ. ಉಸಿರು ಅವರಿಗೆ ಹೊರಗೇ ಕೇಳಿಸಿರಬೇಕು.

"ವೈನಿ, ಬಾಗಲಾ ತಗೀರಿ. ಕೂಸು ಉಸರಾಡೂದು ಸರಿ ಕೇಳಸವಲ್ದು. ಟಾಂಗಾ ತರಸ್ತೇನಿ, ದವಾಖಾನಿಗೆ ಒಯ್ಯೋಣು."

ಆಯಿ ಬಾಯಿಗೆ ಸೆರಗು ತುರುಕಿಕೊಂಡಳು. ಹೊರಗಿನವರಿಗೆ ಉತ್ತರ ಕೊಡುವ ದಿನವಲ್ಲ. ಕಾಕು ಮತ್ತೆ ತಟ್ಟಿದರು. ನನ್ನ ಹೆಸರು ಹಿಡಿದು ಕರೆದರು, "ನೀನರ ತಗೀವಾ" ಎಂದರು. ನನಗಾಗ ಒಂಬತ್ತು ವರ್ಷ. ಅಗಳಿ ನನ್ನ ಕೈಗೆ ಎಟುಕುತ್ತಿತ್ತು. ನಾನು ಆಯಿಯ ಮುಖ ನೋಡಿದೆ. ಅವಳು ತಲೆ ಅಲ್ಲಾಡಿಸಿದಳು. ನಾನು ಕೂತೇ ಇದ್ದೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ: ತೆಗೆಯಬೇಕು ಅಂತ ನನಗೆ ಅನ್ನಿಸಿತ್ತು, ಹೆದರಿ ಕೂತೆ.

ಮಧ್ಯಾಹ್ನ ದಾಟಿದ ಮೇಲೆ ತಮ್ಮನ ತುಟಿ ನೀಲಿಯಾದವು. ಆಗ ಬಾಬಾ ಪುಸ್ತಕ ಒಗೆದು ಅವನನ್ನು ಎತ್ತಿಕೊಂಡು, ಆಯಿ ಅಡ್ಡ ಬಂದರೂ ದೂಡಿ, ಬಾಗಿಲು ತೆರೆದರು. ಹೊಸ್ತಿಲಲ್ಲಿ ಕಾಕು ಕೂತಿದ್ದರು, ಮುಂಜಾನೆಯಿಂದ ಅಲ್ಲೇ. ಅವರು ತರಿಸಿದ ಟಾಂಗಾ ಬೇವಿನ ಗಿಡದ ಕೆಳಗೆ ನಿಂತಿತ್ತು. ದವಾಖಾನೆ ತಲುಪುವ ಮೊದಲೇ ಬಾಬಾನ ತೊಡೆಯ ಮೇಲೆ ತಮ್ಮ ಹೋದ. ಗಂಟಲಮಾರಿ, ಮುಂಜಾನೆ ತಂದಿದ್ದರೆ ಏನಾದರೂ ನೋಡಬಹುದಿತ್ತು ಎಂದರಂತೆ ಡಾಕ್ಟರು.

ಸತ್ತವರಿಗೆ ನಮ್ಮಲ್ಲಿ ಪ್ರಾರ್ಥನೆ ಹೇಳಲು ಹತ್ತು ಜನ ನಮ್ಮ ಗಂಡಸರು ಬೇಕು. ಮಣ್ಣಿಗೆ ನಲವತ್ತು ಮಂದಿಯಾದರೂ ಬಂದಿದ್ದರು. ಹಮಾಲರು, ಸಾಲಿಯ ಮಾಸ್ತರರು, ತಮ್ಮ ಖಬರಸ್ತಾನದಲ್ಲಿ ಒಂದು ಮೂಲೆ ಬಿಟ್ಟುಕೊಟ್ಟ ಮುಸಲ್ಮಾನರು. ನಮ್ಮವರೆಂದರೆ ಬಾಬಾ ಒಬ್ಬರೇ. ಆ ಪ್ರಾರ್ಥನೆ ಹೇಳದೆಯೇ ಮಣ್ಣು ಮಾಡಿ ಬಂದರು.

ತಂತಿ ತಲುಪಿ ಸೋದರಮಾವ ಬಂದರು. ನೆಲದ ಮೇಲೆ ಕೂತು ಎಲ್ಲವನ್ನೂ ಕೇಳಿದರು. ಹಬ್ಬದ ದಿನವೇ ಹೀಗಾಯಿತು, ಬಾಗಿಲು ಮುಚ್ಚಿತ್ತು ಎಂದು ಬಾಬಾ ಹೇಳಿದಾಗ ಮಾಮಾ ತಲೆ ಎತ್ತಿದರು.

"ಯಾವ ಹಬ್ಬ? ನಮ್ಮ ಹಬ್ಬ ಆಗಿ ಒಂದು ತಿಂಗಳಾತಲ್ಲ."

ಮಾಮಾ ಚೀಲದಿಂದ ಕ್ಯಾಲೆಂಡರ್ ತೆಗೆದು ಬಾಬಾನ ಕೈಗೆ ಕೊಟ್ಟರು. ಆ ವರ್ಷ ಅದರಲ್ಲಿ ಅಧಿಕ ಮಾಸವಿರಲಿಲ್ಲ. ಖರೆಯಾದ ಹಬ್ಬದ ದಿನ ನಾವು ಬಾಗಿಲು ಪೂರ್ತಿ ತೆರೆದಿಟ್ಟು, ಒಲೆ ಹಚ್ಚಿ, ರೊಟ್ಟಿ ಪಲ್ಲೆ ಉಂಡಿದ್ದೆವು. ತಮ್ಮ ಅಂದು ಸಾಲಿಗೆ ರಜೆ ಮಾಡಿ ಅಂಗಳದಲ್ಲಿ ಗೋಲಿ ಆಡಿದ್ದನೋ ಏನೋ, ಎಷ್ಟು ಯೋಚಿಸಿದರೂ ನನಗೆ ನೆನಪಿಗೆ ಬರುವುದಿಲ್ಲ. ಮುಚ್ಚಿಕೊಂಡು ಕೂತದ್ದು ಒಂದು ಸಾದಾ ದಿನ.

ಆಯಿ ಬಾಬಾನನ್ನು ಕ್ಷಮಿಸಲಿಲ್ಲ. "ದಿನಾ ತಪ್ಪಿಸಿದ್ರಿ. ದಿನಾ ಖರೆ ಇದ್ದಿದ್ರ ದೇವ್ರು ಕೂಸಿನ ಕಾಯತಿದ್ದ," ಎಂದು ಉಣ್ಣುವಾಗ, ಬಟ್ಟೆ ಒಣಹಾಕುವಾಗ, ಸುಮ್ಮನೆ ಕೂತಾಗ ಹೇಳುತ್ತಲೇ ಇದ್ದಳು. ಬಾಬಾ ತಲೆ ಬಗ್ಗಿಸಿ ಕೇಳುತ್ತಿದ್ದರು. ಅವಳ ಪ್ರಕಾರ ಬಾಗಿಲು ಮುಚ್ಚಿ ಕೂತದ್ದು ಸರಿ, ತಪ್ಪಿದ್ದು ದಿನದ ಲೆಕ್ಕ ಒಂದೇ. ಆ ನಂಬಿಕೆಯೊಂದನ್ನು ಹಿಡಿದು ಅವಳು ಎದ್ದು ಓಡಾಡಿದಳು.

ಜೂನ್‌ನಲ್ಲಿ ತಮ್ಮನಿಗೆ ಗೊತ್ತು ಮಾಡಿದ್ದ ಮುಂಬಯಿಯ ಸಾಲಿಗೆ ನನ್ನನ್ನು ಹಾಕಿದರು. ನನಗೆ ಏನೂ ಬರುತ್ತಿರಲಿಲ್ಲವಾದ್ದರಿಂದ ಧರ್ಮದ ಪಾಠಕ್ಕೆ ಸಣ್ಣ ಮಕ್ಕಳ ಜೊತೆ ಕೂರಿಸಿದರು. ದೊಡ್ಡ ಉಪವಾಸ ಹತ್ತಿರ ಬಂದಾಗ ಗುರುಗಳು ಕೇಳಿದರು, ಆ ದಿನದ ನೇಮವನ್ನು ಯಾವಾಗ ಮುರಿಯಬಹುದು? ಮುಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಆರೇಳು ವರ್ಷದವನು, ಮುಂದಿನ ಎರಡು ಹಲ್ಲು ಬಿದ್ದಿದ್ದವು. ಜೀವಕ್ಕೆ ಅಪಾಯವಿದ್ದರೆ ಮುರಿಯಬಹುದು ಅಲ್ಲ, ಮುರಿಯಲೇಬೇಕು, ಮುರಿಯದಿದ್ದರೆ ಅದೇ ಪಾಪ ಎಂದು ಒಂದೇ ಉಸಿರಿಗೆ ಹೇಳಿ ಕೂತ. ಗುರುಗಳು ಶಾಬಾಸ್ ಅನ್ನಲೂ ಇಲ್ಲ. ಅದು ಅಲ್ಲಿ ಎಲ್ಲರಿಗೂ ಬರುವ ಪಾಠ.

ಮಾಮಾಗೆ ಇದು ಗೊತ್ತಿಲ್ಲದೆ ಇರುತ್ತದೆಯೇ? ಅಂದು ನೆಲದ ಮೇಲೆ ಕೂತು ದಿನ ತಪ್ಪಿದ್ದನ್ನಷ್ಟೇ ಹೇಳಿ, ಇದನ್ನು ನುಂಗಿಕೊಂಡಿದ್ದರು. ನಾನೂ ನುಂಗಿಕೊಂಡೆ. ಪ್ರತಿ ರವಿವಾರ ಬಾಗಲಕೋಟೆಗೆ ಕಾಗದ ಬರೆಯುತ್ತಿದ್ದೆ. ಬಾಬಾ ಅದನ್ನು ಆಯಿಗೆ ಓದಿ ಹೇಳುತ್ತಿದ್ದರು. ಸಾಲಿಯಲ್ಲಿ ಏನು ಕಲಿಸಿದರು ಎಂದು ಅವಳು ಬರೆಸಿ ಕೇಳುತ್ತಿದ್ದಳು. ಹಾಡು ಬರೆದೆ, ಪ್ರಾರ್ಥನೆ ಬರೆದೆ, ಹಬ್ಬದ ಅಡುಗೆ ಬರೆದೆ. ಆ ಪಾಠವೊಂದನ್ನು ಮಾತ್ರ ಅವಳು ಸಾಯುವ ತನಕ ನಾನು ಬರೆಯಲಿಲ್ಲ.