ಗುಡ್ಡದ ನೇರಳೆ, ಹಳ್ಳದ ನೇರಳೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಚಿಕ್ಕಮ್ಮನ ನೇರಳೆ ವೈನ್ ಕೆಡಿಸಿದವನು ನಾನೇ. ಕಾರಣ ಆನೆ. ಆನೆ ಕೂಡ ಅಲ್ಲ, ಆನೆ ಇರಬಹುದು ಎಂಬ ಪುಕ್ಕಲುತನ.

ನರಸಿಂಹರಾಜಪುರದ ಕಡೆ ಚಿಕ್ಕಮ್ಮನ ಮನೆ. ಹಿಂದಿನ ಕಲ್ಲುಗುಡ್ಡದ ಮೇಲೆ ಆರು ನೇರಳೆ ಮರಗಳಿವೆ. ಅವನ್ನು ಕಡಿದು ಅಡಿಕೆ ಹಾಕಬೇಕೆಂದು ಚಿಕ್ಕಪ್ಪ. ಗುಡ್ಡದ ಹಣ್ಣಿನ ವೈನಿಗೆ ಬೇರೆಯದೇ ರುಚಿ, ಕೊಡಲಿ ಮುಟ್ಟಿಸಬೇಡಿ ಎಂದು ಚಿಕ್ಕಮ್ಮ. ಬಯಲುಸೀಮೆಯಲ್ಲಿ ದ್ರಾಕ್ಷಿ ವೈನ್ ಮಾಡುವ ಪರಿಚಯದವರೊಬ್ಬರು ಮಳೆಗಾಲ ಕಳೆದ ಮೇಲೆ ಕೊಪ್ಪಕ್ಕೆ ಬಂದಾಗ ಮನೆಗೂ ಬರುವವರಿದ್ದರು. ಅವರು ಕುಡಿದು ನೋಡಿ ಮುಂದಿನ ವರ್ಷ ಹಣ್ಣು ಬೇಕೆಂದರೆ ಮರ ಉಳಿಯಬೇಕು, ಬೇಡವೆಂದರೆ ಉರುಳಬೇಕು. ಗಂಡ ಹೆಂಡತಿ ಹೀಗೆ ಒಪ್ಪಂದಕ್ಕೆ ಬಂದರು.

ಹಣ್ಣು ಕೊಯ್ಯುವ ಕೆಲಸ ನನಗೆ ಬಿತ್ತು. ಆ ವಾರ ಊರಿನ ಅಂಚಿಗೆ ಆನೆ ಬಂದಿತ್ತು. ಸೌದೆ ಕೊಟ್ಟಿಗೆಯ ಹಿಂದೆ ನಿಂತು ಆನೆಯಂತೆ ಘೀಳಿಟ್ಟು, ಚಿಕ್ಕಪ್ಪನನ್ನು ಅಟ್ಟ ಹತ್ತಿಸಿದ್ದ ಮಹಾವೀರ ನಾನು. ಬುಟ್ಟಿ ಹೊತ್ತು ಅರ್ಧ ಗುಡ್ಡ ಏರಿದ್ದೆ. ಬಿದಿರು ಮೆಳೆಯಲ್ಲಿ ಚಟ್ ಎಂದಿತು. ಇನ್ನೊಮ್ಮೆ ಚಟ್. ಆಮೇಲೆ ಏನೂ ಇಲ್ಲ, ಹಕ್ಕಿಯ ಸದ್ದೂ ಇಲ್ಲ. ಊರಿನ ಎಲ್ಲರ ದನಿಯನ್ನೂ ಅನುಕರಿಸುವ ನಾನು ಬುಟ್ಟಿಯನ್ನು ಎದೆಗೆ ಅವುಚಿಕೊಂಡೆ. ಕೂತುಕೊಂಡೇ ಜಾರುತ್ತಾ ಕೆಳಗಿಳಿದೆ.

ಮನೆಯ ಹತ್ತಿರದ ಹಳ್ಳದ ಬದಿಯಲ್ಲೂ ಒಂದು ನೇರಳೆ ಇದೆ. ಹಣ್ಣು ದಪ್ಪ, ಕೈಗೇ ಸಿಗುತ್ತದೆ. ಬುಟ್ಟಿ ತುಂಬಿಸಿದೆ.

"ಗುಡ್ಡದ್ದೇ ಅಲ್ವೇನೋ?" ಎಂದಳು ಚಿಕ್ಕಮ್ಮ.

"ಅಲ್ದೆ ಮತ್ತೆಂಥದು?" ಎಂದೆ, ಥೇಟ್ ಚಿಕ್ಕಪ್ಪನ ದನಿಯಲ್ಲಿ. ಅವಳು ನಕ್ಕಳು.

ಮಳೆಗಾಲವಿಡೀ ಆ ನಗು ನನ್ನನ್ನು ತಿಂದಿತು. ಅವಳು ಭರಣಿಯ ಬಟ್ಟೆ ಬಿಚ್ಚಿ ಮೂಸಿ, "ಈ ಸಲ ಯಾಕೋ ಘಮವೇ ಇಲ್ಲ" ಎಂದಾಗಲೆಲ್ಲ ಸೌದೆ ತರುವ ನೆಪ ಹೇಳಿ ಹೊರಗೆ ಹೋಗುತ್ತಿದ್ದೆ. ಒಂದು ದಿನ ಮರ ಕಡಿಯುವವನು ಬಂದು ಆರೂ ಮರಗಳ ಸುತ್ತಳತೆ ತೆಗೆದುಕೊಂಡು ಹೋದ. ಆವತ್ತೂ ಬಾಯಿ ಬಿಡಲಿಲ್ಲ.

ಕೊನೆಗೆ ದ್ರಾಕ್ಷಿ ವೈನಿನವರು ಬಂದರು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಸಿಹಿ ಇದೆ. ಉಳಿದದ್ದೆಲ್ಲ ನೀರು ನೀರು. ಕಲ್ಲುಗುಡ್ಡದ ಹಣ್ಣು ಅಂದ್ರಲ್ಲ?"

"ಹಣ್ಣು ಎಲ್ಲಿ ಬೆಳೆದ್ರೂ ಹಣ್ಣೇ, ನಾನು ಹೇಳ್ಲಿಲ್ವಾ?" ಎಂದ ಚಿಕ್ಕಪ್ಪ. "ನಾಳೆನೇ ಮರದವ್ನಿಗೆ ಬರೋಕೆ ಹೇಳ್ತೀನಿ."

ಚಿಕ್ಕಮ್ಮ ನೆಲ ನೋಡುತ್ತಿದ್ದಳು.

"ಅದು ಹಳ್ಳದ ಮರದ್ದು. ಆನೆ ಇದೆ ಅಂತ ಹೆದರಿ ಅರ್ಧ ಗುಡ್ಡದಿಂದ್ಲೇ ವಾಪಸ್ ಬಂದೆ." ಯಾರೋ ನಡುಗುತ್ತಾ ಹೇಳಿದಂತೆ ಕೇಳಿಸಿತು. ಅನುಕರಣೆಯಲ್ಲ, ನನ್ನದೇ ದನಿ.

ಬೈಗುಳಕ್ಕೆ ಕಾದು ನಿಂತೆ. ಚಿಕ್ಕಮ್ಮ ಎದ್ದು ಒಳಗೆ ಹೋದಳು. ಕಳೆದ ವರ್ಷದ ಗುಡ್ಡದ ವೈನು ಒಂದೇ ಬಾಟಲಿ ಉಳಿದಿತ್ತು, ತನಗೆಂದು ಅಡಗಿಸಿಟ್ಟದ್ದು. ಅದನ್ನು ತಂದು ಸುರಿದಳು. ಅವರು ಕುಡಿದರು, ಹಳ್ಳದ್ದನ್ನು ಮತ್ತೆ ಹೀರಿ ನೋಡಿದರು, ತಿರುಗಿ ಗುಡ್ಡದ್ದಕ್ಕೆ ಬಂದರು.

"ನಮ್ಮ ದ್ರಾಕ್ಷಿನೂ ಹೀಗೇ. ಕಾಲುವೆ ಪಕ್ಕದ ಬಳ್ಳಿಯ ಗೊಂಚಲು ದಪ್ಪ, ವೈನ್ ಸಪ್ಪೆ. ಕಲ್ಲು ನೆಲದ್ದು ಕಾಯಿ ಸಣ್ಣ, ಆದ್ರೆ ಒಗರು, ಹುಳಿ, ಘಮ ಎಲ್ಲ ಇರ್ತದೆ. ಇಲ್ಲಿ ಮಾಡಿದ ಕೈ ಒಂದೇ, ಭರಣಿ ಒಂದೇ, ಒಂದು ವರ್ಷದ ವ್ಯತ್ಯಾಸಕ್ಕೆ ಇಷ್ಟು ಬದಲಾಗಲ್ಲ, ಬೇರೆ ಇರೋದು ಮಣ್ಣು. ಗುಡ್ಡದ ಹಣ್ಣು ಎಷ್ಟಿದ್ರೂ ಕೊಡಿ."

"ಮಣ್ಣಿಗೆಂಥ ರುಚಿ ಮಾರಾಯ್ರೆ?" ಎಂದ ಚಿಕ್ಕಪ್ಪ.

"ಅಡಿಕೆ ಹೋಳು ಬಾಯಿಗೆ ಹಾಕಿ, ಇದು ಯಾರ ತೋಟದ್ದು ಅಂತ ಹೇಳೋರು ನೀವೇ ಅಲ್ವಾ?" ಎಂದಳು ಚಿಕ್ಕಮ್ಮ.

ಚಿಕ್ಕಪ್ಪ ಕೊನೆಯ ಪಟ್ಟು ಹಾಕಿದ: "ಸರಿ, ಮರ ಇರ್ಲಿ. ಆನೆ ಓಡಾಡೋ ಗುಡ್ಡಕ್ಕೆ ಹಣ್ಣಿಗೆ ಹೋಗೋರು ಯಾರು?"

ಅವಳು ನನ್ನ ಕಡೆ ತಿರುಗಿದಳು. ಬಿದಿರು ಮತ್ತೆ ಚಟ್ ಎಂದಂತಾಯಿತು.

"ಇವ್ನೇ. ಇವ್ನು ಒಂದು ಸಲ ಘೀಳಿಟ್ರೆ ನಿಜವಾದ ಆನೆ ನಾಚಿಕೊಂಡು ಆಚೆ ಹೋಗ್ತದೆ. ಜೊತೆಗೆ ನೀವೂ ಬುಟ್ಟಿ ಹಿಡ್ಕೊಂಡು ಹೋಗಿ, ಅಲ್ಲಿ ಹತ್ತೋಕೆ ಅಟ್ಟ ಇಲ್ಲ."